ಹಿಡಿಗೆ ಅಂಟು ಹಾಕುವ ಮುಂಚೆ

ನಿಂತುಕೊಂಡು ಹುಟ್ಟು ಹಾಕುವ ಹಲಗೆ, ಅಂದರೆ ಸ್ಟ್ಯಾಂಡ್-ಅಪ್ ಪ್ಯಾಡಲ್‌ಬೋರ್ಡ್ ಕೊಳ್ಳುವವರು ಬೋರ್ಡಿನ ಬಗ್ಗೆ ತಿಂಗಳುಗಟ್ಟಲೆ ಓದುತ್ತಾರೆ. ಪ್ಯಾಡಲ್ (ಹುಟ್ಟು) ಮಾತ್ರ ಅದರ ಜೊತೆ ಬಂದದ್ದೇ ಸಾಕು ಅಂದುಬಿಡುತ್ತಾರೆ. ಬೋರ್ಡಿನ ಮೇಲೆ ನಿಂತರಾಯಿತು, ಎತ್ತಿ ಇಳಿಸಬೇಕಾದದ್ದು ಪ್ಯಾಡಲನ್ನು. ನಿಮಿಷಕ್ಕೆ 40 ಸಲ ಹುಟ್ಟು ಹಾಕಿದರೆ ಗಂಟೆಗೆ 2400 ಸಲ ಆಯಿತು. ನಿಮ್ಮ ಪ್ಯಾಡಲ್ ಪಕ್ಕದವರದ್ದಕ್ಕಿಂತ 300 ಗ್ರಾಂ ಹೆಚ್ಚು ತೂಗಿದರೆ, ಆ ಒಂದು ಗಂಟೆಯಲ್ಲಿ ನಿಮ್ಮ ಭುಜ ಎತ್ತಿದ ಹೆಚ್ಚುವರಿ ಭಾರ ಒಟ್ಟು 720 ಕಿಲೋ.

ಹಾಗಂತ ಅತಿ ಹಗುರದ್ದನ್ನೇ ಕೊಂಡುಬಿಡಿ ಅನ್ನುತ್ತಿಲ್ಲ. ತೂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಉದ್ದವಂತೂ ಅಂಗಡಿಯಲ್ಲಿ ತೀರ್ಮಾನ ಆಗುವ ವಿಷಯವೇ ಅಲ್ಲ, ಅದು ನೀರಿನ ಮೇಲೆಯೇ ಗೊತ್ತಾಗಬೇಕು.

ಬಾಗು ಯಾವ ಕಡೆಗೆ

ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡೋಣ. ಬ್ಲೇಡ್ (ನೀರಿಗಿಳಿಯುವ ಅಗಲದ ತುದಿ) ಶಾಫ್ಟಿಗೆ (ಉದ್ದನೆಯ ಕೋಲಿಗೆ) ನೇರವಾಗಿ ಇರುವುದಿಲ್ಲ, ಸಾಮಾನ್ಯವಾಗಿ 7ರಿಂದ 12 ಡಿಗ್ರಿ ಬಾಗಿರುತ್ತದೆ. ಆ ಬಾಗು ಬೋರ್ಡಿನ ಮೂತಿಯ ಕಡೆಗಿರಬೇಕು. ಸೌಟಿನಲ್ಲಿ ಮೊಗೆಯುವ ಹಾಗೆ ತನ್ನ ಕಡೆಗೆ ತಿರುಗಿಸಿ ಹಿಡಿಯುವುದು ಹೊಸಬರೆಲ್ಲರ ತಪ್ಪು. ಎಳೆತ ಪಾದದ ಹತ್ತಿರ ಬರುವಾಗ ಶಾಫ್ಟಿನ ಮೇಲ್ತುದಿ ಮುಂದಕ್ಕೆ ವಾಲುತ್ತದೆ. ಆಗಲೂ ಬ್ಲೇಡ್ ನೀರಿನಲ್ಲಿ ಆದಷ್ಟು ನೆಟ್ಟಗೆ ನಿಲ್ಲಲಿ ಅಂತಲೇ ಆ ಬಾಗು. ತಿರುಗಿಸಿ ಹಿಡಿದರೆ ಬ್ಲೇಡ್ ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತದೆ, ಬೋರ್ಡನ್ನು ಕೆಳಕ್ಕೆ ಒತ್ತುತ್ತದೆ. ಅಲೆಯ ಮೇಲೆ ಆಡುವವರಿಗೆ 7–8 ಡಿಗ್ರಿ ಹಿತ, ನಿಂತ ನೀರಿನಲ್ಲಿ ದೂರ ಹೋಗುವವರಿಗೆ 10 ಅಥವಾ ಅದಕ್ಕಿಂತ ತುಸು ಹೆಚ್ಚು. ಹೊಸದಾಗಿ ಕೊಳ್ಳುವವರು 10 ಡಿಗ್ರಿಯದ್ದು ತೆಗೆದುಕೊಂಡು ಈ ಚಿಂತೆ ಬಿಡಬಹುದು.

ಶಾಫ್ಟಿಗಿಂತ ಬ್ಲೇಡಿಗೆ ಖರ್ಚು ಮಾಡಿ

ಅಲ್ಯೂಮಿನಿಯಂ ಶಾಫ್ಟಿಗೆ ಪ್ಲಾಸ್ಟಿಕ್ ಬ್ಲೇಡ್ ಸೇರಿಸಿದ ಮೂರು ತುಂಡಿನ ಪ್ಯಾಡಲ್ ಒಂದು ಕಿಲೋ ಆಸುಪಾಸು ತೂಗುತ್ತದೆ. ಫೈಬರ್‌ಗ್ಲಾಸ್ 700–850 ಗ್ರಾಂ, ಪೂರ್ತಿ ಕಾರ್ಬನ್‌ದು 400ರಿಂದ 650. ನಡುವೆ ಒಂದು ಜಾತಿ ಇದೆ: ಶಾಫ್ಟ್ ಮಾತ್ರ ಕಾರ್ಬನ್, ಬ್ಲೇಡ್ ನೈಲಾನ್. ಹೆಸರಿನಲ್ಲಿ ಕಾರ್ಬನ್ ಇರುತ್ತದೆ, ಭಾರವೆಲ್ಲ ತುದಿಯಲ್ಲಿ ಇರುತ್ತದೆ. ಕೈಗೆ ಆಯಾಸ ಕೊಡುವುದು ಹಿಡಿಯ ಹತ್ತಿರದ ತೂಕವಲ್ಲ, ಹಿಡಿಯಿಂದ ದೂರ ಇರುವ ತೂಕ. ಹಾಗಾಗಿ ಕಾರ್ಬನ್ ಬ್ಲೇಡಿಗೆ ಫೈಬರ್‌ಗ್ಲಾಸ್ ಶಾಫ್ಟ್ ಇರುವ ಪ್ಯಾಡಲ್ ಸಿಕ್ಕರೆ, ಒಟ್ಟು ತೂಕ ಒಂದೇ ಆಗಿದ್ದರೂ, ನಾನಂತೂ ಅದನ್ನೇ ಆರಿಸುವುದು. ಫೈಬರ್‌ಗ್ಲಾಸ್ ಶಾಫ್ಟ್ ಸ್ವಲ್ಪ ಬಳುಕುತ್ತದೆ, ಅದು ಮೊಣಕೈಗೂ ಒಳ್ಳೆಯದೇ.

ಇದನ್ನು ಅಳೆಯಲು ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ತಕ್ಕಡಿ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಪುಸ್ತಕ ಜೋಡಿಸಿ ಅದರ ಮೇಲೆ ಹಿಡಿ ಇಡಿ. ಶಾಫ್ಟ್ ಬ್ಲೇಡಿಗೆ ಸೇರುವ ಜಾಗ, ಅಂದರೆ ಪ್ಯಾಡಲಿನ ಕುತ್ತಿಗೆ, ತಕ್ಕಡಿಯ ಮೇಲೆ ಕೂರಲಿ. ಬ್ಲೇಡ್ ಆಚೆ ಚಾಚಿಕೊಂಡಿರಲಿ, ಬೇರೆ ಯಾವುದಕ್ಕೂ ತಾಗಬಾರದು. ಅಲ್ಲಿ ಕಾಣುವ ಅಂಕಿಯನ್ನು ಒಟ್ಟು ತೂಕದ ಪಕ್ಕದಲ್ಲಿ ಬರೆದುಕೊಳ್ಳಿ. 600 ಗ್ರಾಂ ತೂಗುವ ಎರಡು ಪ್ಯಾಡಲ್‌ಗಳಲ್ಲಿ ಒಂದು 400 ತೋರಿಸಿ ಇನ್ನೊಂದು 460 ತೋರಿಸಿದರೆ, ಎರಡನೆಯದು ಸಂಜೆಯ ಹೊತ್ತಿಗೆ ತನ್ನ ಗುಣ ತೋರಿಸುತ್ತದೆ. ಹೋಲಿಸುವ ಪ್ಯಾಡಲ್‌ಗಳ ಉದ್ದ ಒಂದೇ ಇರಬೇಕು, ಇಲ್ಲದಿದ್ದರೆ ಈ ಅಂಕಿಗೆ ಅರ್ಥವಿಲ್ಲ.

ಬ್ಲೇಡಿನ ಗಾತ್ರಕ್ಕೆ ಬಂದರೆ, ದೊಡ್ಡದಿದ್ದಷ್ಟು ವೇಗ ಅನ್ನುವುದು ಬರೀ ಭ್ರಮೆ. ದೊಡ್ಡ ಬ್ಲೇಡ್ ಮೊದಲ ಹತ್ತು ಎಳೆತದಲ್ಲಿ ಬೋರ್ಡನ್ನು ಚಿಮ್ಮಿಸುತ್ತದೆ, ನಿಜ. ಅರ್ಧ ಗಂಟೆ ಕಳೆದ ಮೇಲೆ ಎಳೆತದ ಲಯ ಕುಸಿಯುತ್ತದೆ, ಭುಜ ಹಿಡಿದುಕೊಳ್ಳುತ್ತದೆ. ದೇಹದ ತೂಕ 65 ಕಿಲೋ ಒಳಗಿದ್ದರೆ 515–550 ಚದರ ಸೆಂ.ಮೀ., 85 ಕಿಲೋವರೆಗೆ 550–615, ಅದಕ್ಕಿಂತ ಮೇಲಿದ್ದರೆ 675ರ ತನಕ. ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ. ಪೆಟ್ಟಿಗೆಯ ಮೇಲೆ ಚದರ ಇಂಚಿನಲ್ಲಿ ಬರೆದಿದ್ದರೆ 6.45ರಿಂದ ಗುಣಿಸಿದರಾಯಿತು.

ಆದರೆ ಆ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ. ಒಬ್ಬರು ಕುತ್ತಿಗೆಯನ್ನೂ ಸೇರಿಸಿ ಅಳೆಯುತ್ತಾರೆ, ಇನ್ನೊಬ್ಬರು ಅದನ್ನು ಬಿಟ್ಟು ಕೆಳಗೆ ಮಾತ್ರ. ನೀವೇ ಅಳೆದುಕೊಳ್ಳಿ. ದಪ್ಪನೆಯ ಚಾರ್ಟ್ ಪೇಪರಿನ ಮೇಲೆ ಬ್ಲೇಡ್ ಇಟ್ಟು ಅಂಚಿನ ಗೆರೆ ಎಳೆದು ಕತ್ತರಿಸಿ. ಅದೇ ಹಾಳೆಯಿಂದ 20×20 ಸೆಂ.ಮೀ. ಚೌಕವನ್ನೂ ಕತ್ತರಿಸಿ, ಅದು 400 ಚದರ ಸೆಂ.ಮೀ. ಎರಡನ್ನೂ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ. ಚೌಕ 8 ಗ್ರಾಂ, ಬ್ಲೇಡಿನ ಆಕಾರ 11 ಗ್ರಾಂ ಬಂದರೆ ನಿಮ್ಮ ಬ್ಲೇಡ್ 550 ಚದರ ಸೆಂ.ಮೀ.

ಉದ್ದ: ಸೂತ್ರದಲ್ಲಿ ಬಿಟ್ಟುಹೋದದ್ದು

ಎಲ್ಲರೂ ಹೇಳುವ ಲೆಕ್ಕ ಹೀಗಿದೆ: ನಿಮ್ಮ ಎತ್ತರಕ್ಕೆ ಅಲೆಗಾದರೆ 10–15 ಸೆಂ.ಮೀ., ಸುಮ್ಮನೆ ಸುತ್ತಾಡಲು 15–20, ರೇಸಿಗೆ 20–25 ಸೇರಿಸಿ. ಶುರು ಮಾಡಲು ಇದು ಸಾಕು, ಶಾಫ್ಟನ್ನು ಆ ಅಳತೆಗೆ ಕೊಯ್ಯಲು ಸಾಲದು. ಈ ಲೆಕ್ಕದಲ್ಲಿ ಎರಡು ಸಂಗತಿಗಳಿಗೆ ಜಾಗವೇ ಇಲ್ಲ.

ಒಂದು, ಬೋರ್ಡಿನ ಎತ್ತರ. 15 ಸೆಂ.ಮೀ. ದಪ್ಪದ, ಗಾಳಿ ತುಂಬುವ ಅಗಲವಾದ ಬೋರ್ಡಿನ ಮೇಲೆ ನಿಂತಾಗ ಪಾದ ನೀರಿನಿಂದ ಸುಮಾರು 10 ಸೆಂ.ಮೀ. ಮೇಲಿರುತ್ತದೆ. ಡೆಕ್ (ನಿಲ್ಲುವ ಮೇಲ್ಮೈ) ತಗ್ಗಿಸಿದ ರೇಸ್ ಬೋರ್ಡಿನಲ್ಲಿ ಪಾದ ನೀರಿನ ಮಟ್ಟಕ್ಕೇ ಹತ್ತಿರ. ಅದೇ ಮನುಷ್ಯ, ಅದೇ ಪ್ಯಾಡಲ್, ಆದರೂ ಬೇಕಾದ ಉದ್ದ ಬೇರೆ.

ಎರಡನೆಯದು ಬ್ಲೇಡಿನ ಉದ್ದ. ಸರಿಯಾದ ಎಳೆತದಲ್ಲಿ ಬ್ಲೇಡ್ ಕುತ್ತಿಗೆಯವರೆಗೂ ಮುಳುಗಿರುತ್ತದೆ, ಕೈಗೆ ಸಿಗುವುದು ನೀರಿನ ಮೇಲಿರುವ ಭಾಗ ಮಾತ್ರ. 200 ಸೆಂ.ಮೀ. ಉದ್ದದ ಎರಡು ಪ್ಯಾಡಲ್‌ಗಳಲ್ಲಿ ಒಂದರ ಬ್ಲೇಡ್ 42, ಇನ್ನೊಂದರದ್ದು 48 ಇದ್ದರೆ ನೀರಿನ ಮೇಲೆ ಉಳಿಯುವುದು 158 ಮತ್ತು 152. ಆರು ಸೆಂ.ಮೀ. ವ್ಯತ್ಯಾಸ ಭುಜಕ್ಕೆ ಸಣ್ಣದೇನಲ್ಲ. ಹಳೆಯ ಪ್ಯಾಡಲ್ ಒಗ್ಗಿತ್ತು, ಅದೇ ಉದ್ದದ ಹೊಸದು ಒಗ್ಗುತ್ತಿಲ್ಲ ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಹಾಗಾಗಿ ಹಿಡಿಯ ನೆತ್ತಿಯಿಂದ ಕುತ್ತಿಗೆಯವರೆಗಿನ ಅಳತೆಯನ್ನೇ ಬರೆದಿಟ್ಟುಕೊಳ್ಳಿ, ಮುಂದಿನ ಪ್ಯಾಡಲಿಗೂ ಅದೇ ಆಧಾರ.

ನೀರಿನಲ್ಲಿ ನೋಡುವುದು ಹೀಗೆ: ಬ್ಲೇಡ್ ಪೂರ್ತಿ ಮುಳುಗಿ ಶಾಫ್ಟ್ ನೆಟ್ಟಗಿದ್ದಾಗ ಮೇಲಿನ ಕೈ ಗಲ್ಲ ಮತ್ತು ಕಣ್ಣಿನ ನಡುವೆ ಬರಬೇಕು. ಹಣೆ ದಾಟಿ ಮೇಲೆ ಹೋಗುತ್ತಿದ್ದರೆ ಪ್ಯಾಡಲ್ ಉದ್ದವಾಯಿತು, ಭುಜದ ಕೀಲು ನೋಯುತ್ತದೆ. ಬ್ಲೇಡ್ ಮುಳುಗಿಸಲು ಬೆನ್ನು ಗೂನು ಮಾಡಬೇಕಾಗಿ ಬಂದರೆ ಗಿಡ್ಡ, ಸೊಂಟ ಹಿಡಿಯುತ್ತದೆ. ಇದನ್ನು ನೋಡಲು ಯಾರಾದರೂ ಪಕ್ಕದಿಂದ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ತೆಗೆದರೆ ಸಾಕು. ನಮ್ಮ ಕೈ ಎಲ್ಲಿದೆ ಅನ್ನುವುದು ನಮಗೇ ತಪ್ಪಾಗಿ ತೋರುತ್ತದೆ.

ಕೊಯ್ಯುವುದು, ಅಂಟಿಸುವುದು

ಉದ್ದ ಹೊಂದಿಸಲು ಬಾರದ ಒಂಟಿ ಶಾಫ್ಟಿನ ಪ್ಯಾಡಲ್ ಹೆಚ್ಚಾಗಿ ಬೇಕಾದ್ದಕ್ಕಿಂತ ಉದ್ದವಾಗಿ, ಹಿಡಿ ಬೇರೆಯಾಗಿ ಬರುತ್ತದೆ. ಉದ್ದ ಬದಲಿಸಬಹುದಾದ ಪ್ಯಾಡಲ್ ಎರವಲು ಸಿಕ್ಕರೆ ಅದರಲ್ಲಿ ನಾಲ್ಕೈದು ದಿನ ಹುಟ್ಟು ಹಾಕಿ ಅಳತೆ ಕಂಡುಕೊಳ್ಳಿ. ಸಿಗದಿದ್ದರೆ ಅಂದಾಜಿಗಿಂತ 5 ಸೆಂ.ಮೀ. ಉದ್ದ ಬಿಟ್ಟು ಕೊಯ್ದು, ಹಿಡಿಯ ಬುಡಕ್ಕೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ ಬಿಗಿಯಾಗಿ ತೂರಿಸಿ, ಕೂಡುವ ಜಾಗದ ಮೇಲೂ ನಾಲ್ಕು ಸುತ್ತು ಹಾಕಿ. ನಿಂತ ನೀರಿನಲ್ಲಿ ದಡದ ಹತ್ತಿರದ ಪರೀಕ್ಷೆಗೆ ಅಷ್ಟು ತಡೆಯುತ್ತದೆ. ಆಮೇಲೆ ಒಂದೊಂದು ಸಲಕ್ಕೆ 2 ಸೆಂ.ಮೀ. ಇಳಿಸುತ್ತಾ ಹೋಗಿ.

ಗುರುತು ಹಾಕುವಾಗ ಹಿಡಿ ಶಾಫ್ಟಿನ ಮೇಲೆ ಎಷ್ಟು ಎದ್ದು ನಿಲ್ಲುತ್ತದೆ ಅನ್ನುವುದನ್ನು ಕಳೆಯಲು ಮರೆಯಬೇಡಿ. ಹಿಡಿ 5 ಸೆಂ.ಮೀ. ಇದ್ದು 200 ಬೇಕಾಗಿದ್ದರೆ ಶಾಫ್ಟಿನ ಗುರುತು 195ಕ್ಕೆ ಬೀಳಬೇಕು.

ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಎರಡು ಸುತ್ತು. ನೇರ ಅಂಚಿನ ಕಾಗದವನ್ನು ಶಾಫ್ಟಿಗೆ ಸುತ್ತಿ ತುದಿಗೆ ತುದಿ ಕೂಡಿಸಿದರೆ ಗೆರೆ ಓರೆಯಾಗುವುದಿಲ್ಲ. ಇಂಚಿಗೆ 32 ಹಲ್ಲಿನ ಹ್ಯಾಕ್‌ಸಾ ಬ್ಲೇಡ್ ಬೇಕು, ಒರಟು ಹಲ್ಲಿನದು ಕಾರ್ಬನ್ ಎಳೆಗಳನ್ನು ಕಿತ್ತು ಹಾಕುತ್ತದೆ. ಒಂದೇ ಕಡೆಯಿಂದ ಆಚೆ ತನಕ ಕೊಯ್ಯಬೇಡಿ. ಸ್ವಲ್ಪ ಕೊಯ್ದು, ಶಾಫ್ಟ್ ತಿರುಗಿಸಿ, ಮತ್ತೆ ಸ್ವಲ್ಪ, ಹೀಗೆ ಸುತ್ತಲೂ ಬನ್ನಿ. ಗರಗಸ ಹೊರಬರುವ ಕಡೆಯಲ್ಲೇ ಎಳೆ ಸೀಳುವುದು. ವೈಸಿಗೆ ಸಿಕ್ಕಿಸಿ ಬಿಗಿದರೆ ಟೊಳ್ಳು ಶಾಫ್ಟ್ ಬಿರುಕು ಬಿಡುತ್ತದೆ, ಟವೆಲ್ ಸುತ್ತಿ ಇನ್ನೊಬ್ಬರ ಕೈಗೆ ಕೊಡಿ. ಕಾರ್ಬನ್ ಪುಡಿ ಉಸಿರಿಗೂ ಚರ್ಮಕ್ಕೂ ಆಗದು, ಮೇಲಾಗಿ ವಿದ್ಯುತ್ ಹರಿಸುತ್ತದೆ. ಮುಖಕ್ಕೆ ಎನ್95 ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಮನೆಯ ಹೊರಗೆ, ಗೆರೆಯ ಮೇಲೆ ನೀರು ಚಿಮುಕಿಸುತ್ತಾ ಕೊಯ್ಯಿರಿ. ಅಂಚನ್ನು 120, ಆಮೇಲೆ 240 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ.

ಅಂಟಿಗೆ ಹಾಟ್ ಗ್ಲೂ (ಬಿಸಿಗೆ ಕರಗಿ ತಣಿದಾಗ ಗಟ್ಟಿಯಾಗುವ ಅಂಟು) ಸಾಕು. ಎಪಾಕ್ಸಿ ಹಾಕಿದರೆ ಮತ್ತೆ ಬಿಚ್ಚಲಾಗದು, ಉದ್ದದ ಬಗ್ಗೆ ಮನಸ್ಸು ಬದಲಾಗದವರು ಕಡಿಮೆ. ಹಿಡಿಯ ಬುಡಕ್ಕೆ ಅಂಟು ಸವರಿ, ಶಾಫ್ಟಿನ ಬಾಯಿಗೆ ಹೀಟ್ ಗನ್ನನ್ನು ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ ಆಡಿಸುತ್ತಾ ಬೆಚ್ಚಗೆ ಮಾಡಿ. ಒಂದೇ ಕಡೆ ನಿಲ್ಲಿಸಿದರೆ ಕಾರ್ಬನ್ನನ್ನು ಹಿಡಿದಿಟ್ಟ ರಾಳ ಮೆತ್ತಗಾಗುತ್ತದೆ, ಅಲ್ಲಿಂದ ಮುಂದೆ ಆ ಜಾಗ ನಂಬುವಂತಿಲ್ಲ. ಹಿಡಿ ಒತ್ತಿದ ಮೇಲೆ ಅದು ತಾನಾಗಿ ಮೇಲೇಳುತ್ತದೆ. ಒಳಗೆ ಸಿಕ್ಕ ಗಾಳಿ ಅದನ್ನು ನೂಕುತ್ತಿರುತ್ತದೆ. ಅಂಟು ಗಟ್ಟಿಯಾಗುವ ತನಕ ಒತ್ತಿ ಹಿಡಿಯಬೇಕು.

ಹಿಡಿ ಸೊಟ್ಟಗಾಗುವುದು ಈ ನಿಮಿಷದಲ್ಲೇ. 30 ಸೆಂ.ಮೀ. ಸ್ಕೇಲೊಂದನ್ನು ರಬ್ಬರ್ ಬ್ಯಾಂಡಿನಿಂದ ಹಿಡಿಗೆ ಅಡ್ಡಲಾಗಿ, ಇನ್ನೊಂದನ್ನು ಬ್ಲೇಡಿನ ಅತಿ ಅಗಲದ ಜಾಗಕ್ಕೆ ಅಡ್ಡಲಾಗಿ ಮೊದಲೇ ಕಟ್ಟಿಟ್ಟುಕೊಳ್ಳಿ. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಶಾಫ್ಟಿನ ಉದ್ದಕ್ಕೂ ನೋಡಿ, ಎರಡು ಸ್ಕೇಲೂ ಸಮಾನಾಂತರ ಕಾಣಬೇಕು. 2 ಡಿಗ್ರಿ ತಪ್ಪಿದರೆ ಸ್ಕೇಲಿನ ಒಂದು ತುದಿ ಇನ್ನೊಂದಕ್ಕಿಂತ ಒಂದು ಸೆಂ.ಮೀ. ಎದ್ದು ಕಾಣುತ್ತದೆ, ಬರಿಗಣ್ಣಿಗೂ ಸಿಗುತ್ತದೆ. ಆಮೇಲೆ ಒದ್ದೆ ಬಟ್ಟೆ ಸುತ್ತಿ ತಣಿಸಿ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಈ ಅಂಟು ಮೆತ್ತಗಾಗಬಹುದು. ನೀರಿಗಿಳಿಯುವ ಮುಂಚೆ ಬ್ಲೇಡನ್ನು ಮೊಣಕಾಲ ನಡುವೆ ಹಿಡಿದು ಹಿಡಿಯನ್ನು ಒಮ್ಮೆ ತಿರುಚಿ ನೋಡುವ ರೂಢಿ ಒಳ್ಳೆಯದು. ಉದ್ದ ಬದಲಿಸುವ ಕ್ಲಾಂಪ್ ಇರುವವರಿಗೂ ಇದೇ ಪರೀಕ್ಷೆ. ಅಲ್ಲಿ ಕೈಕೊಡುವುದು ಮರಳು ಮತ್ತು ಉಪ್ಪು. ಪ್ರತಿ ಸಲ ತುಂಡುಗಳನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಬೇರೆ ಬೇರೆಯಾಗಿಯೇ ಒಣಗಿಸಿ. ಜೋಡಿಸಿಟ್ಟರೆ ಒಂದು ದಿನ ಬಿಚ್ಚಲು ಇಬ್ಬರು ಬೇಕಾಗುತ್ತದೆ.

ನೀರಿನಲ್ಲಿ

ಎರಡು ಪ್ಯಾಡಲ್‌ಗಳಲ್ಲಿ ಯಾವುದು ಅನ್ನುವ ಪ್ರಶ್ನೆಗೆ ದಡದಲ್ಲಿ ಕೂತು ವಾದಿಸಿ ಪ್ರಯೋಜನವಿಲ್ಲ. ಕಣ್ಣಿಗೆ ಕಾಣುವ ಎರಡು ಗುರುತುಗಳ ನಡುವೆ ಸುಮಾರು 200 ಮೀಟರ್ ಆರಿಸಿ. ಹೋಗುವುದು, ಬರುವುದು ಸೇರಿ ಒಂದು ಸುತ್ತು, ಗಾಳಿಯ ಪಕ್ಷಪಾತ ಬಹುಮಟ್ಟಿಗೆ ಹೋಗುತ್ತದೆ. ಮೊದಲನೆಯ ಪ್ಯಾಡಲ್, ಎರಡನೆಯದು, ಮತ್ತೆ ಎರಡನೆಯದು, ಕೊನೆಗೆ ಮೊದಲನೆಯದು, ಈ ಕ್ರಮದಲ್ಲಿ ನಾಲ್ಕು ಸುತ್ತು ಹಾಕಿದರೆ ಆಯಾಸವೂ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಪ್ರತಿ ಸುತ್ತಿಗೂ ಸಮಯ, ಎಳೆತಗಳ ಸಂಖ್ಯೆ, ವಾಚ್ ಇದ್ದರೆ ಹೃದಯ ಬಡಿತ ಬರೆದುಕೊಳ್ಳಿ. ಅದೇ ಬಡಿತದಲ್ಲಿ ಯಾವುದು ಬೇಗ ಮುಟ್ಟಿಸಿತು ಅನ್ನುವುದನ್ನು ನೋಡಿ. ಎಳೆತ ಕಡಿಮೆಯಾದ ಮಾತ್ರಕ್ಕೆ ಆ ಪ್ಯಾಡಲ್ ಒಳ್ಳೆಯದು ಅಂತಲ್ಲ.

ಬ್ಲೇಡ್ ನೀರಿನಲ್ಲಿ ಎಡಬಲ ಪಟಪಟ ನಡುಗುತ್ತದೆ ಅನ್ನುವವರು ಮೊದಲು ಬದಿ ಬದಲಿಸಿ ನೋಡಬೇಕು. ಒಂದೇ ಬದಿಯಲ್ಲಿ ನಡುಗಿದರೆ ಹಿಡಿ ಸೊಟ್ಟಗಿದೆ ಅಥವಾ ಆ ಕೈ ಮಣಿಕಟ್ಟು ತಿರುಚುತ್ತಿದೆ. ಎರಡೂ ಬದಿಯಲ್ಲಿ ಒಂದೇ ಥರ ಇದ್ದರೆ ದೋಷ ಬ್ಲೇಡಿನದ್ದು. ಚಪ್ಪಟೆ ಬ್ಲೇಡಿನಲ್ಲಿ ನೀರು ಒಮ್ಮೆ ಈ ಅಂಚಿನಿಂದ ಒಮ್ಮೆ ಆ ಅಂಚಿನಿಂದ ಜಾರುತ್ತದೆ. ಮುಖದ ನಡುವೆ ಉದ್ದಕ್ಕೆ ಏಣು ಎದ್ದಿರುವ ಬ್ಲೇಡ್ ನೀರನ್ನು ಎರಡೂ ಕಡೆಗೆ ಸಮನಾಗಿ ಬಿಡುತ್ತದೆ. ಗುಳುಗುಳು ಸದ್ದು, ಬ್ಲೇಡಿನ ಹಿಂದೆ ಗುಳ್ಳೆ ಬಂದರೆ ಪ್ಯಾಡಲನ್ನು ಬಯ್ಯಬೇಡಿ, ಪೂರ್ತಿ ಮುಳುಗುವ ಮುಂಚೆ ಎಳೆದದ್ದರ ಫಲ ಅದು.

ಕೊನೆಯದಾಗಿ, ಹೊಸತರಲ್ಲೇ ಪ್ಯಾಡಲನ್ನು ಒಣಗಿಸಿ ತೂಗಿದ ಅಂಕಿಯನ್ನು ಶಾಫ್ಟಿನ ಮೇಲೆ ಸಣ್ಣ ಟೇಪಿನಲ್ಲಿ ಬರೆದು ಅಂಟಿಸಿ. ಬೋರ್ಡಿಗೋ ಕಲ್ಲಿಗೋ ತಾಗಿ ಬ್ಲೇಡಿನ ಅಂಚು ಹಾರಿದರೆ ಒಳಗಿನ ಫೋಮ್ ನೀರು ಕುಡಿಯತೊಡಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡು ದಿನ ಒಣಗಿಸಿದ ಮೇಲೂ ತಕ್ಕಡಿ 20–30 ಗ್ರಾಂ ಹೆಚ್ಚು ತೋರಿಸಿದರೆ, ಬ್ಲೇಡನ್ನು ಬೆಚ್ಚಗಿನ ನೀರಿನ ಬಕೆಟ್ಟಿಗೆ ಒತ್ತಿ ಹಿಡಿದು ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಪೂರ್ತಿ ಒಣಗಿಸಿ, 120ರಲ್ಲಿ ಉಜ್ಜಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ 240ರಲ್ಲಿ ನಯ ಮಾಡಿ, ಅಂಚಿನ ಸುತ್ತ ಪಾರದರ್ಶಕ ರೈಲ್ ಟೇಪ್ (ಬೋರ್ಡಿನ ಅಂಚು ಕಾಯಲು ಹಚ್ಚುವ ಟೇಪ್) ಹಚ್ಚಿ.