ಟೈರ್ ನೋಡಲು ಹೋದವನು

ಮೂರು ವಾರದಿಂದ ಮನೆಯಲ್ಲಿ ಒಂದೇ ಮಾತು, ಟೈರ್. ಹಳೇ ವ್ಯಾನಿಗೆ ಮಂಚ, ಸ್ಟವ್, 100 ಲೀಟರ್ ನೀರಿನ ಟ್ಯಾಂಕ್ ಎಲ್ಲಾ ಕೂರಿಸಿ ಆಯಿತು. ಇನ್ನು ಮಣ್ಣಿನ ದಾರಿಗೂ ಆಗುವ, ದಪ್ಪ ಬಟನ್ ಇರುವ ಆಲ್ ಟೆರೇನ್ ಟೈರ್ ಹಾಕಿದರೆ ಗಾಡಿಗೊಂದು ಗತ್ತು ಬರುತ್ತದೆ ಎಂದುಕೊಂಡು ಇವತ್ತು ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗೆ ಹೋದೆ.

ಅಂಗಡಿಯವರು ಡಿಸೈನ್ ಕಡೆ ನೋಡಲೇ ಇಲ್ಲ. "ತುಂಬಿದಾಗ ಗಾಡಿ ಎಷ್ಟು ತೂಗುತ್ತೆ ಸಾರ್?" ನಾನು ತಬ್ಬಿಬ್ಬು. ನೀರೇ 100 ಕೆಜಿ ಅಲ್ವಾ, ಅದನ್ನೂ ಲೆಕ್ಕ ಹಾಕಿರಲಿಲ್ಲ. ಟೈರಿನ ಮೇಲೆ ಅಳತೆಯ ಪಕ್ಕದ ಸಂಖ್ಯೆ ತೋರಿಸಿದರು. 100 ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ, 104 ಅಂದರೆ 900. ನಾನು ಮೆಚ್ಚಿದ್ದು ನಮ್ಮ ವ್ಯಾನಿನ ಭಾರಕ್ಕೆ ಸಾಲದು.

"ಎಲ್ಲಿ ಓಡಿಸ್ತೀರಿ?"

ಮಧುಗಿರಿ, ದೇವರಾಯನದುರ್ಗ ಎಂದೆ. ಹೇಳುವಾಗಲೇ ನಗು ಬಂತು. ಎಲ್ಲಾ ಟಾರು ರಸ್ತೆ! ಮಣ್ಣು ಸಿಗುವುದು ತೋಟದ ದಾರಿಯ ಕೊನೆಯ ಅರ್ಧ ಕಿಲೋಮೀಟರ್ ಮಾತ್ರ. ಮಳೆಯಾದರೆ ಅಲ್ಲಿ ಕೆಂಪು ಕೆಸರು. ಹೋದ ಸಲ ಭಾವನ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. ಅಷ್ಟಕ್ಕೋಸ್ಕರ ದಪ್ಪ ಬಟನ್ ಟೈರ್ ಹಾಕಿದರೆ ಹೈವೇ ಉದ್ದಕ್ಕೂ ಗುಂಯ್ ಸದ್ದು, ಜಾಸ್ತಿ ಡೀಸೆಲ್. ಗತ್ತು ದುಬಾರಿಯೇ, ಬಿಡಿ.

ಕೊನೆಗೆ ಅಷ್ಟೇನೂ ಒರಟಲ್ಲದ, ಭಾರದ ಗಾಡಿಗೆಂದೇ ಮಾಡಿದ ಟೈರ್ ಹೇಳಿ ಬಂದೆ. ಶನಿವಾರ ಬರುತ್ತದಂತೆ. ಹಳೇ ಮಾಲು ಅಲ್ಲ ತಾನೇ ಎಂದು, ಟೈರಿನ ಮೇಲೆ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ನೋಡಿಯೇ ಹಾಕಿಸುವುದು.

ಮನೆಗೆ ಬಂದು ರೇಟು ಹೇಳಿದೆ. ಹೆಂಡತಿ ಕೇಳಿದಳು, "ಆ ದುಡ್ಡಲ್ಲಿ ತೋಟದ ದಾರಿಗೆ ಜಲ್ಲಿ ಹೊಡೆಸಬಹುದಿತ್ತಲ್ವಾ?"