ಹಲಸಿನ ಬಟ್ಟಲು ಮತ್ತು ಶಿರಸಿಯ ಮಳೆಗಾಲ

ಶಿರಸಿಯ ಕಡೆ ಕೊಟ್ಟಿಗೆಯ ಮೂಲೆಯಲ್ಲಿ ಸಣ್ಣ ಲೇತ್ ಹೂಡಿ ಮರ ಕಡೆಯಬೇಕೆನ್ನುವವರು ಮೊದಲು ವಿಚಾರಿಸುವುದು ಮೋಟರಿನ ಶಕ್ತಿಯನ್ನು, ಉಳಿಯ ಉಕ್ಕನ್ನು. ಸಣ್ಣ ಬಟ್ಟಲಿಗೆ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟರು ಸಾಕು. ಉಳಿಯ ಬೆಲೆಗಿಂತ ಅದರ ಮಸೆತ ಮುಖ್ಯ. ಆದರೆ ನಮ್ಮ ಮಲೆನಾಡಿನಲ್ಲಿ ಬಟ್ಟಲಿನ ಹಣೆಬರಹ ತೀರ್ಮಾನವಾಗುವುದು ಲೇತ್‌ನಲ್ಲಲ್ಲ, ಅದನ್ನು ಒಣಗಲು ಇಡುವ ಅಟ್ಟದಲ್ಲಿ.

ಹಸಿ ಮರದ ಕೋಶಗಳ ಟೊಳ್ಳಿನಲ್ಲಿರುವ ನೀರು ಆರಿದಾಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದು ಕೋಶದ ಗೋಡೆಗಳು ಆರತೊಡಗಿದ ಮೇಲೆಯೇ ಮರ ಕುಗ್ಗುತ್ತದೆ. ಅದೂ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಉಂಗುರಗಳ ಗುಂಟ ಮಾತ್ರ ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಯ ಹೆಚ್ಚುಕಡಿಮೆ ಎರಡರಷ್ಟು. ದುಂಡಗೆ ಕಡೆದ ಹಸಿ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುವುದು ಈ ಕಾರಣಕ್ಕೆ.

ಆದ್ದರಿಂದ ಕೆಲಸವನ್ನು ಎರಡು ಸಲಕ್ಕೆ ಹಂಚಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ, ಹವೆ ಒಣಗುತ್ತಿರುವಾಗ, ತೋಟದಲ್ಲಿ ಬಿದ್ದ ಹಲಸಿನ ಕಾಂಡವನ್ನು ತಿರುಳು ಬಿಟ್ಟು ಸೀಳಿ, ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪ ಉಳಿಸಿ, ಅಂದರೆ ಹತ್ತು ಇಂಚಿನ ಬಟ್ಟಲಿಗೆ ಒಂದು ಇಂಚು, ಒರಟಾಗಿ ಕಡೆದಿಡುವುದು ರೂಢಿ. ಎಳೆಗಳು ಕಡಿದು ಕಾಣುವ ಎರಡು ಬದಿಗೆ ಮೇಣ ಬಳಿಯದಿದ್ದರೆ ನೀರು ಅಲ್ಲಿಂದಲೇ ಅವಸರದಲ್ಲಿ ಹೊರಟು ಮರ ಸೀಳುತ್ತದೆ. ಅಟ್ಟವೆಂದರೆ ಒಲೆಯ ನೇರ ಮೇಲಿನ ಜಾಗವಲ್ಲ; ಅಲ್ಲಿಯ ಬಿಸಿ ವಿಪರೀತ. ವಾರಕ್ಕೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಂತ ಮೇಲೆ ಎರಡನೆಯ ಬಾರಿ ಲೇತ್‌ಗೆ ಏರಿಸಬೇಕು. ಜೂನ್‌ವರೆಗೆ ಕಾದರೆ ಮರ ಮತ್ತೆ ತೇವ ಹೀರತೊಡಗುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂತ ಕುಂಕುಮದ ಕರಡಿಗೆಯ ಮುಚ್ಚಳ ಆಷಾಢದಲ್ಲಿ ಕಚ್ಚಿಕೊಳ್ಳುವುದೂ ಹೀಗೆಯೇ. ಇಲ್ಲಿ ಮುಚ್ಚಳವನ್ನು ಕೊಂಚ ಸಡಿಲವಾಗಿ ಬಿಡುವುದೇ ಜಾಣತನವೆಂದು ನನ್ನ ಎಣಿಕೆ.

ಹೊಳಪಿನ ವಿಷಯದಲ್ಲಿ ಚನ್ನಪಟ್ಟಣದವರ ಅರಗು ಬೊಂಬೆಗೆ ಚೆಂದ, ಬಿಸಿ ಪದಾರ್ಥ ಬಡಿಸುವ ಬಟ್ಟಲಿಗೆ ಹೇಳಿದ್ದಲ್ಲ. ಕೊಬ್ಬರಿ ಎಣ್ಣೆ ಮರದಲ್ಲಿ ಎಂದೂ ಗಟ್ಟಿಯಾಗದೆ ಕೊನೆಗೆ ಕಮಟುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವುದರಿಂದ ಅದನ್ನು ತೆಳ್ಳಗೆ ಸವರಿ, ಪೂರ್ತಿ ಒಣಗಿದ ಮೇಲೆ ಜೇನುಮೇಣ ಉಜ್ಜಿದರೆ ಹಲಸಿನ ಹಳದಿ ಎದ್ದು ಬರುತ್ತದೆ. ವರ್ಷಗಳು ಕಳೆದಂತೆ ಅದು ಕಂದಾಗುವುದನ್ನು ಯಾವ ಎಣ್ಣೆಯೂ ತಡೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬಾರದು. ಗಟ್ಟಿಯಾಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಹುದು, ಕೊಟ್ಟಿಗೆಯಲ್ಲಿ ಹುಲ್ಲು ಬೇರೆ ಇರುತ್ತದೆ. ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ, ಒಣಗಿ ಗಡುಸಾದ ಮೇಲೆಯೇ ಬಿಸಾಡಬೇಕು.