ತಕ್ಕಡಿಗೆ ಕಾಣದ ಕೊರತೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಅಂಗನವಾಡಿಯೊಂದರಲ್ಲಿ ಮಕ್ಕಳ ತೂಕ, ಎತ್ತರ ನೋಡುವ ದಿನ ಲೆಕ್ಕ ಬರೆದುಕೊಳ್ಳಲು ನಾನು ಹೋಗಿದ್ದೆ. ಒಂದನೇ ತರಗತಿಗೆ ಬಹುಕಾಲ ಪಾಠ ಹೇಳಿದವಳಾದ್ದರಿಂದ, ಶಾಲೆಗೆ ಬರುವ ಮೊದಲೇ ಕೆಲವು ಮಕ್ಕಳು ಹಿಂದೆ ಬೀಳುವುದು ಏಕೆಂಬ ಪ್ರಶ್ನೆ ನನ್ನಲ್ಲಿ ಉಳಿದಿತ್ತು.

ಮೂರು ತುಂಬಿದ ಹುಡುಗಿಯೊಬ್ಬಳು ಹನ್ನೊಂದೂವರೆ ಕಿಲೋ ತೂಗಿದಳು. ತೂಕ ಸಾಲುತ್ತದೆಂದು ಅಜ್ಜಿ ಹೊರಡಲು ಎದ್ದರು. ಆದರೆ ಎತ್ತರ 85 ಸೆಂಟಿಮೀಟರ್ ಮಾತ್ರ; ಆ ವಯಸ್ಸಿನ ಹೆಣ್ಣುಮಕ್ಕಳ ಮಧ್ಯಮ ಎತ್ತರ ಸುಮಾರು 95, ಬೆಳವಣಿಗೆ ಕುಂಠಿತವೆಂದು ಗುರುತಿಸುವ ಗೆರೆ 87ರ ಆಸುಪಾಸು. ನೋಡುವುದಕ್ಕೆ ದುಂಡಗಿದ್ದ ಮಗುವಿನಲ್ಲಿ ಕೊರತೆಯಿದೆ ಎಂದರೆ ಯಾರು ನಂಬುತ್ತಾರೆ?

"ನಮ್ಮ ಮನೆಯವರೆಲ್ಲ ಗಿಡ್ಡವೇ ಟೀಚರ್" ಎಂದರು ಅಜ್ಜಿ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಪೂರ್ತಿ ಒಪ್ಪುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಕ್ಕಾಗಿ ಭಾರತ, ಘಾನಾ, ನಾರ್ವೆ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದಾಗ, ಎದೆಹಾಲು, ಆಹಾರ, ಆರೈಕೆ ಸರಿಯಾಗಿ ದೊರೆತಲ್ಲಿ ಐದು ವರ್ಷದವರೆಗೆ ಅವರ ಬೆಳವಣಿಗೆ ಬಹುಮಟ್ಟಿಗೆ ಒಂದೇ ರೀತಿ ಇತ್ತು. ತಾಯಿಯ ಗಿಡ್ಡತನವೂ ಅನೇಕ ವೇಳೆ ಆಕೆಯ ಬಾಲ್ಯದ ಹಸಿವಿನದೇ ಬಳುವಳಿ.

ಗರ್ಭದ ದಿನಗಳಿಂದ ಎರಡನೇ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನಗಳಲ್ಲಿ ಮಿದುಳು ಅತಿ ವೇಗವಾಗಿ ಬೆಳೆಯುತ್ತದೆ. ಆಗ ಪ್ರೋಟೀನ್, ಕಬ್ಬಿಣ, ಅಯೋಡಿನ್ ಕೊರತೆಯಾದರೆ, ಮೇಲಿಂದ ಮೇಲೆ ಭೇದಿಯೂ ಕಾಡಿದರೆ, ಮುಂದೆ ಗಮನ, ನೆನಪು, ಕಲಿಕೆ, ಕೊನೆಗೆ ದುಡಿಮೆಯ ಮೇಲೂ ಅದರ ಪರಿಣಾಮ ಉಳಿಯಬಹುದು. ಹಾಗೆಂದು ಕುಳ್ಳಗಿರುವವರೆಲ್ಲ ದಡ್ಡರೆಂದು ತಿಳಿಯುವುದು ಶುದ್ಧ ಅನ್ಯಾಯ. ನನ್ನ ತರಗತಿಯಲ್ಲಿ ಆ ಹೆಸರಿನ ಅಪಹಾಸ್ಯ ನೋಡಿದವಳು ನಾನು. ಜಮೈಕಾದಲ್ಲಿ 1986ರಿಂದ ಬೆಳವಣಿಗೆ ಕುಂಠಿತವಾದ 129 ಮಕ್ಕಳ ಅಧ್ಯಯನ ನಡೆದಿತ್ತು. ವಾರಕ್ಕೊಮ್ಮೆ ಕಾರ್ಯಕರ್ತೆಯರು ಮನೆಗೆ ಹೋಗಿ ತಾಯಂದಿರೊಂದಿಗೆ ಆಟವಾಡಿಸಿದ್ದ ಮಕ್ಕಳ ಸಂಪಾದನೆ, ಆ ನೆರವಿಲ್ಲದ ಮಕ್ಕಳಿಗಿಂತ ಇಪ್ಪತ್ತು ವರ್ಷಗಳ ಬಳಿಕ ಸುಮಾರು ಶೇಕಡಾ 25ರಷ್ಟು ಹೆಚ್ಚಿತ್ತು. ಹೊಟ್ಟೆಯಷ್ಟೇ ಮಾತುಕತೆಗೂ ಬೆಲೆಯಿದೆ ಎಂಬುದಕ್ಕೆ ನನಗೆ ಇಷ್ಟು ಸಾಕು.

ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆಂದು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಘಟಕಗಳು ತಯಾರಿಸುವ ಅಮೃತಂ ಎಂಬ ಪೌಷ್ಟಿಕ ಪುಡಿಯ ವಿಚಾರ ಬಂದಾಗ, ಮನೆಯಲ್ಲಿ ಅದನ್ನು ಉಂಡೆ ಕಟ್ಟಿ ಎಲ್ಲರೂ ತಿನ್ನುತ್ತಿದ್ದೆವೆಂದು ಅಜ್ಜಿ ನಗುತ್ತ ಹೇಳಿದರು. ಅಂಗನವಾಡಿಯ ಟೀಚರ್ ಬೈಯಲಿಲ್ಲ. ಅಜ್ಜಿಯ ಸೊಸೆ ಮತ್ತೆ ಬಸುರಿಯೆಂದು ತಿಳಿದಿದ್ದ ಅವರು, ಕಬ್ಬಿಣದ ಮಾತ್ರೆ ದಿನವೂ ನುಂಗುತ್ತಾಳೆಯೇ, ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮೇಲೆ ಅವಳ ಪಾಲಿಗೆ ಏನು ಉಳಿಯುತ್ತದೆ ಎಂದು ವಿಚಾರಿಸತೊಡಗಿದರು.